ತಳದಲ್ಲಿ "ಲೋಟ್ಜ್ ಆಸ್ಟ್ರಿಯಾ" ಎಂದು ಕೊರೆದಿದೆ, ನಂಬಬಹುದಾ? ಬೊಹೀಮಿಯಾ ಹೂದಾನಿಗಳ ತಯಾರಕರ ಬಗ್ಗೆ

ಮ್ಯೂನಿಕ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಹೂದಾನಿ ತಗೊಂಡಿದ್ದೇನೆ. ಎತ್ತರ ಸುಮಾರು 22 ಸೆಂ.ಮೀ. ತಿಳಿ ಹಸಿರು ಗಾಜು, ಮೇಲೆ ನೀಲಿ-ನೇರಳೆ ಹೊಳಪು. ಮೈಮೇಲೆಲ್ಲ ನೇರಳೆ ಗಾಜಿನ ತೆಳ್ಳನೆ ಎಳೆಗಳು ಅಡ್ಡಾದಿಡ್ಡಿ ಹರಿದಿವೆ, ಬೆರಳಾಡಿಸಿದರೆ ಉಬ್ಬು ಕೈಗೆ ಸಿಗುತ್ತದೆ. ಹೊಟ್ಟೆಯನ್ನು ನಾಲ್ಕೂ ಕಡೆ ಒಳಕ್ಕೆ ಒತ್ತಿದ್ದಾರೆ. ಬಾಯಿಯ ಅಂಚು ಸಪಾಟಾಗಿದೆ. ತಳದ ಮಧ್ಯದಲ್ಲಿ ನುಣ್ಣಗೆ ಉಜ್ಜಿದ ಒಂದು ಗುಳಿ, ಅದರ ಪಕ್ಕದಲ್ಲೇ "ಲೋಟ್ಜ್ ಆಸ್ಟ್ರಿಯಾ" ಎಂದು ಕೊರೆದಿದೆ.

ಮಾರಿದವರು ಇದು 1900ರ ಪ್ಯಾರಿಸ್ ವಿಶ್ವ ಪ್ರದರ್ಶನದ ಕಾಲದ್ದು ಎಂದರು. ಮತ್ತೆ ಮಾರುವ ಯೋಚನೆ ನನಗಿಲ್ಲ. ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ. ಆದರೆ ಯಾರು ಮಾಡಿದ್ದು ಅಂತ ಸರಿಯಾಗಿ ತಿಳಿದುಕೊಳ್ಳಬೇಕು. ತಿಳಿದವರು ಹೇಳಿ.

ಜರ್ಸಿ ಕನ್ನಡಿಗ

ಮೇಡಂ, ಸಹಿನೇ ಇದೆಯಲ್ಲ, ಇನ್ನೇನು ಅನುಮಾನ? ಇಲ್ಲಿ ಅಮೆರಿಕದ ಹರಾಜುಗಳಲ್ಲಿ "ಲೋಟ್ಜ್ ಆಸ್ಟ್ರಿಯಾ" ಸಹಿ ಇರುವ ಹೂದಾನಿಗಳು ಒಳ್ಳೆ ಬೆಲೆಗೆ ಹೋಗುತ್ತವೆ. ಹೊಳಪು ಇದೆ, ಎಳೆ ಇದೆ, ತಳ ಉಜ್ಜಿದ್ದಾರೆ. ನನ್ನ ಪ್ರಕಾರ ಲೋಟ್ಜ್.

ಗಾಜಿನಮನೆ (ಪ್ರಾಗ್)

ಸ್ವಲ್ಪ ತಾಳಿ. ಬೊಹೀಮಿಯಾ (ಈಗಿನ ಚೆಕ್ ದೇಶದ ಪಶ್ಚಿಮ ಭಾಗ) ಗಾಜಿನಲ್ಲಿ ಸಹಿಯನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಲೋಟ್ಜ್ ಕಾರ್ಖಾನೆ ಇದ್ದದ್ದು ಶುಮಾವಾ ಕಾಡುಗಳ ನಡುವಿನ ಕ್ಲೋಸ್ಟರ್‌ಮ್ಯೂಲೆಯಲ್ಲಿ. ಇವತ್ತು ಆ ಜಾಗಕ್ಕೆ ಕ್ಲಾಷ್ಟರ್‌ಸ್ಕಿ ಮ್ಲೀನ್ ಎನ್ನುತ್ತಾರೆ. ಯೊಹಾನ್ ಲೋಟ್ಜ್ ತೀರಿಕೊಂಡ ಮೇಲೆ ಹೆಂಡತಿ ಸುಸಾನ್ನಾ ವ್ಯವಹಾರ ನಡೆಸಿದರು. 1879ರಲ್ಲಿ ಅವರ ಮೊಮ್ಮಗ ಮ್ಯಾಕ್ಸ್ ಫಾನ್ ಸ್ಪಾನ್ ಕೈಗೆ ಬಂತು. ಲೋಕಕ್ಕೆಲ್ಲ ಹೆಸರಾಗಿದ್ದು ಈ ಮೊಮ್ಮಗನ ಕಾಲದಲ್ಲಿ. ಜೊತೆಗಿದ್ದ ತಾಂತ್ರಿಕ ನಿರ್ದೇಶಕ ಎಡ್ವರ್ಡ್ ಪ್ರೊಹಾಸ್ಕಾ ಅವರ ಪಾಲೂ ಅಷ್ಟೇ ದೊಡ್ಡದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಗ್ರಾಂ ಪ್ರಿ ಎಂಬ ದೊಡ್ಡ ಬಹುಮಾನ ಬಂತು. ಅಲ್ಲಿಟ್ಟ ಹಲವು ಹೂದಾನಿಗಳ ವಿನ್ಯಾಸ ಫ್ರಾಂಜ್ ಹೋಫ್‌ಸ್ಟೆಟರ್ ಅವರದು.

ಇಷ್ಟೆಲ್ಲ ಹೆಸರಿದ್ದರೂ ಲೋಟ್ಜ್ ತನ್ನ ಮಾಲಿನ ಬಹುಪಾಲಿಗೆ ಸಹಿಯನ್ನೇ ಹಾಕಲಿಲ್ಲ! ಹಾಕಿದ್ದು ಮುಖ್ಯವಾಗಿ ಹೊರದೇಶಕ್ಕೆ ಹೋಗುವ ಮಾಲಿಗೆ. 1890ರಲ್ಲಿ ಅಮೆರಿಕ ಮೆಕಿನ್ಲಿ ಸುಂಕದ ಕಾನೂನು ತಂದಿತು. ಆಮದಾಗುವ ಸಾಮಾನಿನ ಮೇಲೆ ಯಾವ ದೇಶದ್ದು ಎಂದು ಬರೆದಿರಲೇಬೇಕು ಎಂದಾಯಿತು. "ಆಸ್ಟ್ರಿಯಾ" ಎಂಬ ಮಾತು ತಳಕ್ಕೆ ಬಂದದ್ದು ಹೀಗೆ. ಬೊಹೀಮಿಯಾ ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಳಗಿತ್ತು. ಇದಲ್ಲದೆ ವೃತ್ತದೊಳಗೆ ಅಡ್ಡ ಬಾಣಗಳು ಮತ್ತು ನಕ್ಷತ್ರಗಳಿರುವ ಒಂದು ಗುರುತೂ ಇತ್ತು. ಮಾರೀ ಕಿರ್ಷ್‌ನರ್ ವಿನ್ಯಾಸದ ಕೆಲವು ಪಾತ್ರೆಗಳ ಮೇಲೆ ಅವರ ಹೆಸರಿನ ಮೊದಲಕ್ಷರಗಳು ಸಿಗುತ್ತವೆ.

ಅಂದರೆ ಸಹಿ ಇಲ್ಲದ ಲೋಟ್ಜ್ ತೀರಾ ಮಾಮೂಲು. ಲೋಟ್ಜ್ ಅಲ್ಲದ್ದಕ್ಕೆ ಲೋಟ್ಜ್ ಸಹಿ ಇರುವುದೂ ಅಪರೂಪ ಅಲ್ಲ. ಆ ಹೆಸರಿಗೆ ಬೆಲೆ ಬಂದ ಮೇಲೆ ಅಕ್ಕಪಕ್ಕದ ಕಾರ್ಖಾನೆಗಳ ಹೂದಾನಿಗಳ ಮೇಲೆ ಎಷ್ಟೋ ಜನ ಅದನ್ನು ಕೊರೆದರು. ನಿಜವಾದ ಲೋಟ್ಜ್ ಮೇಲೆ ಅಮೆರಿಕದ ಗಾಜಿನ ತಯಾರಕ ಟಿಫಾನಿಯ ಗುರುತು ಕೊರೆದದ್ದೂ ಉಂಟು. ಆಗ ಟಿಫಾನಿಗೆ ಲೋಟ್ಜ್‌ಗಿಂತ ಜಾಸ್ತಿ ಬೆಲೆ ಇತ್ತು.

ನಿಮ್ಮ ಹತ್ತಿರ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಒಂದು ಪರೀಕ್ಷೆ ಮಾಡಿ. ನೂರು ವರ್ಷ ಮೇಜಿನ ಮೇಲೆ ಸರಿದಾಡಿದ ಪಾತ್ರೆಯ ತಳದಲ್ಲಿ, ಮೇಜಿಗೆ ತಾಗುವ ಅಂಚಿನಲ್ಲಿ, ಸಣ್ಣ ಗೀರುಗಳು ದಿಕ್ಕುದೆಸೆ ಇಲ್ಲದೆ ಬಿದ್ದಿರುತ್ತವೆ. ಗುಳಿಯ ಒಳಗೆ ಅವು ಇರುವುದಿಲ್ಲ, ಅಲ್ಲಿಗೆ ಮೇಜು ತಾಗುವುದಿಲ್ಲ. ಇನ್ನು ಅಕ್ಷರಗಳು ಆ ಅಂಚಿನ ಹತ್ತಿರ ಇದ್ದರೆ ಎರಡೂ ಸೇರುವ ಜಾಗ ನೋಡಿ. ಗೀರುಗಳು ಅಕ್ಷರದ ಅಂಚನ್ನು ಸವೆಸಿಕೊಂಡು ದಾಟಿವೆಯಾ? ಅಥವಾ ಅಕ್ಷರವೇ ಗೀರನ್ನು ಕತ್ತರಿಸಿಕೊಂಡು ಹೋಗಿದೆಯಾ? ಮೊದಲನೆಯದಾದರೆ ಅಕ್ಷರ ಹಳೆಯದು. ಎರಡನೆಯದಾದರೆ ಪಾತ್ರೆ ಹಳತಾದ ಮೇಲೆ ಯಾರೋ ಕೊರೆದಿದ್ದಾರೆ. ಅಕ್ಷರದ ಕೊರಕಲು ಬೆಳ್ಳಗೆ, ಪುಡಿಪುಡಿಯಾಗಿ, ಚೂಪಾಗಿ ಕಂಡರೂ ಎಚ್ಚರ.

ಮ್ಯೂನಿಕ್ ಕನ್ನಡತಿ

ಬಹಳ ಉಪಕಾರ ಆಯ್ತು. ಪಕ್ಕದ ಮನೆಯವರ ಹತ್ತಿರ ಅಂಚೆಚೀಟಿ ನೋಡುವ ಭೂತಗನ್ನಡಿ ಇತ್ತು, ತಂದು ನೋಡಿದೆ. ಅಂಚಿನಲ್ಲಿ ಗೀರುಗಳು ತುಂಬಾ ಇವೆ, ಎಲ್ಲ ದಿಕ್ಕಿಗೂ. ಆದರೆ ಕೊನೆಯ ಎರಡು ಅಕ್ಷರಗಳು ಅಂಚಿನ ಮೇಲೇ ಬಂದಿವೆ, ಅಲ್ಲಿ ಅವು ಗೀರುಗಳನ್ನು ತುಂಡು ಮಾಡಿಕೊಂಡು ಹೋಗಿವೆ. ಒಂದು ಉದ್ದದ ಗೀರು ಅಕ್ಷರದ ಎಡಕ್ಕೆ ನಿಂತು ಬಲಕ್ಕೆ ಮತ್ತೆ ಶುರುವಾಗುತ್ತದೆ. ಕೊರಕಲಿನ ಒಳಗೆ ಬೆಳ್ಳಗಿದೆ.

ಗಾಜಿನಮನೆ (ಪ್ರಾಗ್)

ಹಾಗಾದರೆ ಸಹಿ ಆಮೇಲೆ ಬಂದದ್ದು. ಆದರೆ ಬೇಜಾರು ಮಾಡಿಕೊಳ್ಳಬೇಡಿ. ಪಾತ್ರೆ ಹಳೆಯದೇ, ಆ ಗೀರುಗಳೇ ಹೇಳುತ್ತಿವೆ. ಸಹಿ ಸುಳ್ಳು ಎಂದಾದರೂ ಲೋಟ್ಜ್ ಅಲ್ಲ ಎಂದಾಗಲಿಲ್ಲ. ಈಗ ಗಾಜನ್ನೇ ಕೇಳಬೇಕು.

ಬಸವನಗುಡಿ ಹಳೇಸಾಮಾನು

ಗಾಜಿನಮನೆಯವರೇ, ನಡುವೆ ಬಂದೆ ಅಂತ ತಪ್ಪು ತಿಳಿಯಬೇಡಿ. ಬೊಹೀಮಿಯಾದಲ್ಲಿ ಇಷ್ಟೊಂದು ಕಾರ್ಖಾನೆಗಳು ಒಂದೇ ಥರದ ಮಾಲು ಮಾಡಿದ್ದು ಯಾಕೆ? ನಮಗೆ ಇಲ್ಲಿ ಹೆಸರು ಕೇಳಿ ಗೊತ್ತು ಅಷ್ಟೆ. ಮೋಸರ್, ಲೋಟ್ಜ್ ಬಿಟ್ಟರೆ ಉಳಿದವರ ಬಗ್ಗೆ ಯಾರೂ ಮಾತಾಡಲ್ಲ.

ಗಾಜಿನಮನೆ (ಪ್ರಾಗ್)

ಒಳ್ಳೆ ಪ್ರಶ್ನೆ ಸರ್. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಗಾಜಿಗೆ ಬೇಕಾದದ್ದು ಮರಳು ಅಥವಾ ಬೆಣಚುಕಲ್ಲು, ಮರದ ಬೂದಿಯಿಂದ ತೆಗೆದ ಪೊಟ್ಯಾಷ್, ಮತ್ತೆ ರಾಶಿ ರಾಶಿ ಸೌದೆ. ಬೊಹೀಮಿಯಾದ ಗಡಿ ಬೆಟ್ಟಗಳಲ್ಲಿ ಇವೆಲ್ಲ ಒಂದೇ ಕಡೆ ಸಿಗುತ್ತಿದ್ದವು. ಅದಕ್ಕೇ ಕುಲುಮೆಗಳು ಕಾಡಿನೊಳಗೆ ಹುಟ್ಟಿದವು. ಉತ್ತರದ ನೋಯ್‌ವೆಲ್ಟ್‌ನಲ್ಲಿರುವ ಹರಾಖ್ ಕಾರ್ಖಾನೆಯ ಚರಿತ್ರೆ 1712ರಿಂದ ಶುರುವಾಗುತ್ತದೆ. ದಕ್ಷಿಣದ ಶುಮಾವಾದಲ್ಲಿ ಯೊಹಾನ್ ಮೇಯರ್ 1834ರಲ್ಲಿ ಎಲಿಯೊನೋರೆನ್‌ಹೈನ್ ಕುಲುಮೆ ಕಟ್ಟಿದರು. ಈಗಿನ ಲೆನೋರಾ ಅದೇ. ಮೇಯರ್ 1841ರಲ್ಲಿ ತೀರಿಕೊಂಡ ಮೇಲೆ ಸೋದರಳಿಯಂದಿರು ಮುಂದುವರಿಸಿದರು. ಅವರಲ್ಲೊಬ್ಬರು ವಿಲ್ಹೆಲ್ಮ್ ಕ್ರಾಲಿಕ್. ಅವರ ಕಾಲವಾದ ಮೇಲೆ 1881ರಲ್ಲಿ ಮಕ್ಕಳು ಪಾಲಾದರು. ಇಬ್ಬರು ಮನೆತನದ ಇನ್ನೊಂದು ಕಾರ್ಖಾನೆಯಾದ ಅಡಾಲ್ಫ್ ಕುಲುಮೆ ಇಟ್ಟುಕೊಂಡು "ಮೇಯರ್ಸ್ ನೆಫೆ" ಹೆಸರಲ್ಲಿ ನಡೆಸಿದರು. ಇನ್ನಿಬ್ಬರು ಎಲಿಯೊನೋರೆನ್‌ಹೈನ್ ತಗೊಂಡು "ವಿಲ್ಹೆಲ್ಮ್ ಕ್ರಾಲಿಕ್ ಜೋನ್" ಎಂದು ಹೆಸರಿಟ್ಟರು. ನಾವು ಸಂತೆಯಲ್ಲಿ ನೋಡುವ ಹೊಳಪಿನ ಗಾಜಿನಲ್ಲಿ ಬಹಳಷ್ಟು ಈ ಎರಡನೆಯವರದು.

ವಾಯವ್ಯದಲ್ಲಿ ಟೆಪ್ಲಿಟ್ಸೆ ಸುತ್ತಮುತ್ತ ಇನ್ನೊಂದು ಗುಂಪು. ಅಲ್ಲಿ ಸೌದೆ ಬದಲು ಕಂದು ಕಲ್ಲಿದ್ದಲು ಇತ್ತು, ರೈಲು ಬಂದಿತ್ತು, ಮಾಲು ಜಾಸ್ತಿ ತಯಾರಾಗುತ್ತಿತ್ತು. ಕೋಷ್ಟಾನಿಯಲ್ಲಿ ಪಾಲ್ಮೆ-ಕೋನಿಗ್ ಮತ್ತು ಹಾಬೆಲ್ ಕಂಪನಿಯ ಎಲಿಸಬೆತ್ ಕುಲುಮೆ, ಅದೇ ಊರಿನಲ್ಲಿ ಯೋಸೆಫ್ ರಿಂಡ್ಸ್‌ಕೋಪ್ಫ್ ಮಕ್ಕಳ ಕಾರ್ಖಾನೆ, ಹತ್ತಿರದ ಹ್ರೋಬ್‌ನಲ್ಲಿ ಫ್ರಾಂಜ್ ವೆಲ್ಜ್.

ಇವರೆಲ್ಲ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಯಾವುದು ಮಾರಾಟ ಆಗುತ್ತಿದೆಯೋ ಅದನ್ನು ಎಲ್ಲರೂ ಮಾಡಿದರು. ಪ್ಯಾರಿಸ್ಸಿನಲ್ಲಿ ಲೋಟ್ಜ್ ಗೆದ್ದ ಮೇಲೆ ಈ ಹೊಳಪಿನ ಗಾಜಿಗೆ ಎಲ್ಲ ಕಡೆ ಬೇಡಿಕೆ ಬಂತು.

ಮಾಡುವ ವಿಧಾನ ಗುಟ್ಟಿನದಲ್ಲ. ಊದಿದ ಗಾಜು ಇನ್ನೂ ಬಿಸಿಯಿರುವಾಗ ತವರದ ಕ್ಲೋರೈಡಿನಂಥ ಲವಣದ ಹೊಗೆ ಕೊಡುತ್ತಾರೆ. ಮೇಲ್ಮೈ ಮೇಲೆ ತೆಳ್ಳನೆ ಪದರ ಕೂತು, ಬೆಳಕು ಬಿದ್ದಾಗ ನವಿಲುಗರಿಯ ಹಾಗೆ ಬಣ್ಣ ತಿರುಗುತ್ತದೆ. ಗಾಜಿನಲ್ಲಿ ಬೆಳ್ಳಿ ಸೇರಿಸಿ, ಉಸಿರುಕಟ್ಟಿದ ಹೊಗೆಜ್ವಾಲೆಯಲ್ಲಿ ಕಾಯಿಸಿದರೆ ಬೆಳ್ಳಿ ಮೇಲೆದ್ದು ಹೊಳೆಯುತ್ತದೆ. ಲೋಟ್ಜ್‌ನ ಪ್ರಸಿದ್ಧ "ಫೆನೋಮೆನ್" ಮಾದರಿಗಳಲ್ಲಿ ಬೆಳ್ಳಿ ಬೆರೆತ ಗಾಜಿನ ಎಳೆಗಳನ್ನು ಸುತ್ತಿ, ಕೊಕ್ಕೆಯಿಂದ ಎಳೆದು ಅಲೆ ಮಾಡುತ್ತಿದ್ದರು. ನೋಡಿ ಕಲಿಯುವುದು ಕುಶಲಿಗಳಿಗೆ ಕಷ್ಟವೇನಲ್ಲ. ಆದರೆ ಲೋಟ್ಜ್ ಕೈಯ ಹದ ಬೇರೆಯವರಿಗೆ ಅಷ್ಟು ಸುಲಭಕ್ಕೆ ಬರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊಸಬ

ನೀಲಿ ಟಾರ್ಚ್ (ನೇರಳಾತೀತ) ಹಾಕಿ ನೋಡಿದರೆ ಗೊತ್ತಾಗುತ್ತಾ? ಯೂಟ್ಯೂಬ್‌ನಲ್ಲಿ ಎಲ್ಲರೂ ಅದನ್ನೇ ತೋರಿಸುತ್ತಾರೆ.

ಗಾಜಿನಮನೆ (ಪ್ರಾಗ್)

ಗಾಜಿನಲ್ಲಿ ಯುರೇನಿಯಂ ಇದ್ದರೆ ಹಸಿರಾಗಿ ಹೊಳೆಯುತ್ತದೆ, ಅಷ್ಟೇ. ಯಾರು ಮಾಡಿದ್ದು ಅಂತ ಹೇಳುವುದಿಲ್ಲ. 1830ರ ದಶಕದಲ್ಲಿ ಯೋಸೆಫ್ ರೀಡೆಲ್ ತಮ್ಮ ಹೆಂಡತಿ ಆನ್ನಾ ಹೆಸರಲ್ಲಿ ಯುರೇನಿಯಂ ಹಳದಿ, ಯುರೇನಿಯಂ ಹಸಿರು ಗಾಜು ಮಾಡಿದರು. ಆಮೇಲೆ ಬೊಹೀಮಿಯಾದಲ್ಲಿ ಹಲವರು ಅದನ್ನು ಬಳಸಿದರು. ಯುರೇನಿಯಂ ಬಂದದ್ದು ಯಾಹಿಮೊವ್ ಗಣಿಗಳಿಂದ. ಅಲ್ಲಿನ ಅದಿರಿನಲ್ಲೇ ಮೇರಿ ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದದ್ದು, ಆಮೇಲೆ ಅದನ್ನು ಬೇರ್ಪಡಿಸಿದ್ದು ಗಾಜಿಗೆ ಬಣ್ಣ ತೆಗೆದುಕೊಂಡು ಬಿಸಾಡಿದ ಗಸಿಯಿಂದ. ಈ ಸಂಗತಿ ನೆನಪಾದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಟಾರ್ಚಿನಿಂದ ಒಂದು ಉಪಯೋಗ ಉಂಟು. ಒಡೆದದ್ದನ್ನು ಅಂಟಿಸಿದ್ದರೆ ಆ ಅಂಟು ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಕೊಳ್ಳುವ ಮುಂಚೆ ಅದಕ್ಕಾಗಿ ಹಾಕಿ ನೋಡಿ.

ಗಾಜಿನಮನೆ (ಪ್ರಾಗ್)

ಈಗ ಮ್ಯೂನಿಕ್ ಕನ್ನಡತಿಯವರ ಹೂದಾನಿಗೆ ಬರೋಣ.

ಮೈಮೇಲೆ ಹರಿದ ಎಳೆಗಳು. ಇಂಗ್ಲೆಂಡಿನಲ್ಲಿ ಹಾಜೆಟ್ಸ್ ಎಂಬವರು 1876ರಲ್ಲಿ ಎಳೆ ಸುತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಆ ಯಂತ್ರದ ಎಳೆ ಒಂದರ ಪಕ್ಕ ಒಂದು ಸಮವಾಗಿ ಕೂರುತ್ತದೆ. ನಿಮ್ಮದು ಹಾಗಿಲ್ಲ. ಕರಗಿದ ಗಾಜನ್ನು ಕೈಯಿಂದ ಸುತ್ತಿ ಬೇಕಂತಲೇ ದಿಕ್ಕು ತಪ್ಪಿಸಿದ್ದು. ಈ ಥರ ಬಲೆಯಂಥ ಎಳೆ ಕಂಡ ತಕ್ಷಣ ಸಂಗ್ರಾಹಕರ ಬಾಯಿಗೆ ಬರುವ ಹೆಸರು ಪಾಲ್ಮೆ-ಕೋನಿಗ್. ಆದರೆ ಕ್ರಾಲಿಕ್ ಕೂಡ ಎಳೆ ಹಾಕಿದ್ದಾರೆ. ಲೋಟ್ಜ್‌ನಲ್ಲೂ "ಶಿನೇ" ಎಂಬ ಎಳೆಯ ಅಲಂಕಾರ ಇತ್ತು. ಹಾಗಾಗಿ ಎಳೆ ಒಂದನ್ನೇ ನೋಡಿ ತೀರ್ಪು ಕೊಡಬಾರದು.

ಬಾಯಿ ನೋಡಿ. ಪಾತ್ರೆಯನ್ನು ಊದುಕೊಳವೆಯಿಂದ ಬಿಡಿಸಿದ ಮೇಲೆ ಬಾಯಿಯನ್ನು ಎರಡು ರೀತಿಯಲ್ಲಿ ಮುಗಿಸಬಹುದು. ಒಂದು, ಮತ್ತೆ ಬೆಂಕಿಗೆ ಹಿಡಿದು ಅಂಚು ಕರಗಿಸಿ ದುಂಡು ಮಾಡುವುದು. ಇನ್ನೊಂದು, ತಣ್ಣಗಾದ ಮೇಲೆ ಕತ್ತರಿಸಿ ಉಜ್ಜುವುದು. ನಿಮ್ಮದು ಸಪಾಟು ಎಂದಿರಿ, ಅಂದರೆ ಉಜ್ಜಿದ್ದು. ಲೋಟ್ಜ್‌ನಲ್ಲೂ ಉಜ್ಜಿದ ಬಾಯಿ ಸಿಗುತ್ತದೆ, ಆದರೆ ಆ ಕಾಲದ ಅವರ ಹೊಳಪಿನ ಗಾಜಿನಲ್ಲಿ ಬೆಂಕಿಯಲ್ಲಿ ಮುಗಿಸಿದ್ದೇ ಜಾಸ್ತಿ. ಇದು ಲೋಟ್ಜ್ ಕಡೆಯಿಂದ ಸ್ವಲ್ಪ ದೂರ ಸರಿಸುತ್ತದೆ. ತಳದ ಗುಳಿ ಮಾತ್ರ ಏನೂ ಹೇಳದು. ಕೆಲಸ ಮಾಡುವಾಗ ತಳ ಹಿಡಿದಿರುವ ಪಾಂಟಿಲ್ ಕಂಬಿಯನ್ನು ಮುರಿದು ಬಿಡಿಸಿದ ಗಾಯವನ್ನು ಉಜ್ಜುವುದು ಎಲ್ಲ ಕಡೆ ಇದ್ದ ಪದ್ಧತಿ.

ಆಮೇಲೆ ಆಕಾರ. ಲೋಟ್ಜ್ ವಿಷಯದಲ್ಲಿ ನಮಗೆ ಒಂದು ಭಾಗ್ಯ ಇದೆ. ಆ ಕಾರ್ಖಾನೆಯಲ್ಲಿ ಹೂದಾನಿಯ ನಿಜ ಅಳತೆಗೇ ಕಾಗದ ಕತ್ತರಿಸಿ ಮಾದರಿ ಇಟ್ಟುಕೊಳ್ಳುತ್ತಿದ್ದರು. ಅದರ ಮೇಲೆ ಉತ್ಪಾದನೆಯ ಸಂಖ್ಯೆ, ಎಷ್ಟೋ ಕಡೆ ಅಲಂಕಾರದ ಹೆಸರು. ಅವುಗಳಲ್ಲಿ ದೊಡ್ಡ ಪಾಲು ಉಳಿದು, 1989ರಲ್ಲಿ ಪಟ್ಟಿಯಾಗಿ ಅಚ್ಚಾಯಿತು. ಇವತ್ತು ಯಾರಾದರೂ ಧೈರ್ಯವಾಗಿ "ಇದು ಲೋಟ್ಜ್" ಎಂದರೆ ಆಕಾರ ಆ ಕಾಗದಕ್ಕೆ ಹೊಂದಿದೆ, ಅಲಂಕಾರವೂ ಗೊತ್ತಿರುವ ಮಾದರಿ ಎಂದರ್ಥ. ನೀವು ಹಾಕಿರುವ ಚಿತ್ರದ ಆಕಾರವನ್ನು ನಾನು ಅಲ್ಲಿ ಹುಡುಕಿದೆ. ಹತ್ತಿರದ್ದು ಯಾವುದೂ ಸಿಗಲಿಲ್ಲ.

ನನ್ನ ಅಭಿಪ್ರಾಯ: ಬೊಹೀಮಿಯಾ, 1900ರಿಂದ 1910ರ ಒಳಗೆ, ಪಾಲ್ಮೆ-ಕೋನಿಗ್ ಇರಬಹುದು.

ಶುಮಾವಾ ಪಯಣಿಗ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇದಕ್ಕೆ ಮಾತಾಡಲೇಬೇಕು. ಗಾಜಿನಮನೆಯವರು ಹೇಳಿದ ದಾರಿ ಸರಿ. ಕೊನೆಯ ಹೆಸರಿಗೆ ನನ್ನ ತಕರಾರು ಇದೆ.

ಒಂದು ಕಾಲದಲ್ಲಿ ಹೊಳಪಿದ್ದರೆ ಸಾಕು, ಲೋಟ್ಜ್ ಎನ್ನುತ್ತಿದ್ದರು. ಆ ಮೇಲೆ ಎಳೆ ಇದ್ದರೆ ಪಾಲ್ಮೆ-ಕೋನಿಗ್ ಎಂದರು. ಈಗ ಗುಂಪುಗಳಲ್ಲಿ ನೋಡಿ, ಲೋಟ್ಜ್ ಅಲ್ಲ ಎಂದಾದ ತಕ್ಷಣ ಕ್ರಾಲಿಕ್ ಎಂದು ಬರೆಯುತ್ತಾರೆ. ಮೂರೂ ಒಂದೇ ಬಗೆಯ ಅವಸರ. ಒಂದು ಹೆಸರು ಖಾಲಿಯಾದರೆ ಇನ್ನೊಂದನ್ನು ತಂದು ತುಂಬಬೇಕು ಎಂದೇನಿಲ್ಲ.

ಕ್ರಾಲಿಕ್‌ಗೆ, ಪಾಲ್ಮೆ-ಕೋನಿಗ್‌ಗೆ ಲೋಟ್ಜ್‌ನಷ್ಟು ದಾಖಲೆ ಉಳಿದಿಲ್ಲ. ಕಾರಣವೂ ಗೊತ್ತಿರಬೇಕು. ಈ ಗಡಿಯ ಊರುಗಳಲ್ಲಿ ಇದ್ದವರು ಹೆಚ್ಚಾಗಿ ಜರ್ಮನ್ ಮಾತಾಡುವವರು. ಎರಡನೇ ಮಹಾಯುದ್ಧ ಮುಗಿದ ಮೇಲೆ 1945-46ರಲ್ಲಿ ಅವರನ್ನು ದೇಶದಿಂದ ಹೊರಹಾಕಿದರು. ಕಾರ್ಖಾನೆಗಳು ಸರ್ಕಾರದ ಕೈಗೆ ಹೋದವು. ಲೋಟ್ಜ್ 1947ರಲ್ಲಿ ಮುಚ್ಚಿತು. ಕುಲುಮೆಯ ಮುಂದೆ ತಲೆತಲಾಂತರದಿಂದ ನಿಂತವರ ನೆನಪು, ಲೆಕ್ಕದ ಪುಸ್ತಕ, ಮಾದರಿ ಹಾಳೆ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಇವತ್ತು ಒಂದು ಹೂದಾನಿಗೆ ಹೆಸರು ಸಿಗದೇ ಇರುವುದರ ಹಿಂದೆ ಆ ದೊಡ್ಡ ನೋವಿದೆ. ಅದನ್ನು ಊಹೆಯಿಂದ ಮುಚ್ಚಬಾರದು.

ನಾನಾಗಿದ್ದರೆ "ಬೊಹೀಮಿಯಾ, ಎಳೆಗಾಜು, ತಯಾರಕರು ಪಾಲ್ಮೆ-ಕೋನಿಗ್ ಅಥವಾ ಕ್ರಾಲಿಕ್" ಎಂದು ಎರಡೂ ಹೆಸರು ಬರೆದಿಡುತ್ತೇನೆ.

ಗಾಜಿನಮನೆ (ಪ್ರಾಗ್)

ಎರಡು ಹೆಸರು ಬರೆಯುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೂ ಪಾಲ್ಮೆ-ಕೋನಿಗ್ ಮೊದಲು ಬರಲಿ. ಎಳೆ ಮೈಯ ಗಾಜಿಗಿಂತ ಬೇರೆ ಬಣ್ಣದಲ್ಲಿದೆ, ಉಬ್ಬಿಯೇ ನಿಂತಿದೆ, ಮೈಯನ್ನೆಲ್ಲ ಬಲೆಯಂತೆ ಹಿಡಿದಿದೆ. ಅವರದ್ದೆಂದು ಒಪ್ಪಿರುವ ಪಾತ್ರೆಗಳಲ್ಲಿ ಈ ಮೂರೂ ಒಟ್ಟಿಗೆ ಕಾಣುತ್ತವೆ.

ಬಸವನಗುಡಿ ಹಳೇಸಾಮಾನು

ಚರ್ಚೆ ಬಹಳ ಚೆನ್ನಾಗಿ ನಡೀತಿದೆ. ನನ್ನ ಹತ್ತಿರ ಇರುವ ಒಂದರ ಬಗ್ಗೆಯೂ ಕೇಳುತ್ತೇನೆ. ಕಿತ್ತಳೆ ಬಣ್ಣದ ಸಣ್ಣ ಹೂದಾನಿ, ಬಾಯಿಗೆ ಕಪ್ಪು ಗಾಜಿನ ಅಂಚು. ತಳದಲ್ಲಿ ಕಮಾನಿನಂತೆ ಬಾಗಿದ ಸಾಲಿನಲ್ಲಿ "ಚೆಕೊಸ್ಲೊವಾಕಿಯಾ" ಎಂದು ಮಂಕಾಗಿ ಮೂಡಿದೆ. ಕೊಟ್ಟವರು ಲೋಟ್ಜ್, ಪೊವೊಲ್ನಿ ವಿನ್ಯಾಸ ಎಂದರು.

ಗಾಜಿನಮನೆ (ಪ್ರಾಗ್)

ಸರ್, ಇದು "ಟ್ಯಾಂಗೋ" ಗಾಜು. ಗಾಢ ಬಣ್ಣ, ಅದಕ್ಕೆ ಎದುರಾದ ಬಣ್ಣದ ಅಂಚು. ಮಿಖಾಯೆಲ್ ಪೊವೊಲ್ನಿ ಲೋಟ್ಜ್‌ಗೆ ಈ ಥರದ ವಿನ್ಯಾಸ ಮಾಡಿದ್ದು ನಿಜ. ಆದರೆ ಸಂತೆಗೆ ಬರುವ ಟ್ಯಾಂಗೋದಲ್ಲಿ ಹೆಚ್ಚಿನದು ಬೇರೆಯವರದು. ಮೊದಲು ಕಾಲ ತೀರ್ಮಾನ ಮಾಡಿ. ಚೆಕೊಸ್ಲೊವಾಕಿಯಾ ಎಂಬ ದೇಶ ಹುಟ್ಟಿದ್ದೇ 1918ರ ಅಕ್ಟೋಬರಿನಲ್ಲಿ. ಆ ಮುದ್ರೆ ಇರುವ ಪಾತ್ರೆ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಸಣ್ಣ ಗೆರೆಯ ಅಕ್ಷರಗಳು ಕಮಾನಾಗಿ ಬಾಗಿದ್ದರೆ ಸಂಗ್ರಾಹಕರು ಸಾಮಾನ್ಯವಾಗಿ ಕ್ರಾಲಿಕ್ ಕಡೆ ನೋಡುತ್ತಾರೆ. ಆಕಾರವೂ ಹೊಂದಿದರೆ ಆ ಹೆಸರು ಬರೆಯಬಹುದು.

ಹೊಸಬ

ನಮ್ಮಜ್ಜಿ ಮನೆಯಲ್ಲಿ ಬಣ್ಣ ಬಳಿದು ಚಿನ್ನದ ಗೆರೆ ಹಾಕಿದ ಗಾಜಿನ ಹೂದಾನಿ ಇದೆ. ಅದೂ ಬೊಹೀಮಿಯಾದ್ದೇ ಇರಬಹುದಾ?

ಶುಮಾವಾ ಪಯಣಿಗ

ಇರಬಹುದು. ಬೊಹೀಮಿಯಾದ ಗಾಜು ಇಂಡಿಯಾಕ್ಕೆ ಧಾರಾಳವಾಗಿ ಬರುತ್ತಿತ್ತು. ಉತ್ತರ ಬೊಹೀಮಿಯಾದ ಯಾಬ್ಲೊನೆಟ್ಸ್‌ನಲ್ಲಿ ನಮ್ಮ ಮಾರುಕಟ್ಟೆಗೆಂದೇ ಗಾಜಿನ ಬಳೆ, ಮಣಿ ಮಾಡುತ್ತಿದ್ದರು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದರೆ ಬೊಹೀಮಿಯಾ ಗಾಜನ್ನು ಕಣ್ಣಾರೆ ನೋಡಬಹುದು.

ಬಣ್ಣ ಬಳಿದದ್ದರಲ್ಲಿ ಇನ್ನೊಂದು ತೊಡಕು. ಊದಿದವರು ಒಬ್ಬರು, ಅಲಂಕಾರ ಮಾಡಿದವರು ಇನ್ನೊಬ್ಬರು. ನೋವಿ ಬೋರ್, ಕಾಮೆನಿಟ್ಸ್ಕಿ ಶೆನೋವ್ ಊರುಗಳ ಕೆಲಸಗಾರರು ಬೇರೆ ಕಾರ್ಖಾನೆಗಳಿಂದ ಬೋಳು ಪಾತ್ರೆ ತರಿಸಿ ಬಣ್ಣ ಹಾಕಿ ಮಾರುತ್ತಿದ್ದರು. ಕಾರ್ಲ್ಸ್‌ಬಾದಿನ ಲುಡ್ವಿಗ್ ಮೋಸರ್ ಕೂಡ 1857ರಲ್ಲಿ ಶುರು ಮಾಡಿದ್ದು ಅಲಂಕಾರದ ಅಂಗಡಿಯಾಗಿ. ಸ್ವಂತ ಕುಲುಮೆ ಬಂದದ್ದು 1893ರಲ್ಲಿ. ಹಾಗಾಗಿ ಅದಕ್ಕೆ ಎರಡು ಹೆಸರು ಹುಡುಕಬೇಕಾಗುತ್ತದೆ. ತಳದಲ್ಲಿ ಬಣ್ಣದಲ್ಲಿ ಬರೆದ, ವಿಮಾನದ ಪ್ರೊಪೆಲ್ಲರಿನಂಥ ಸಣ್ಣ ಗುರುತು ಇದೆಯಾ ನೋಡಿ. ಅದಿದ್ದರೆ ಹರಾಖ್ ಎಂದು ಹೇಳುತ್ತಾರೆ.

ಮ್ಯೂನಿಕ್ ಕನ್ನಡತಿ

ಎಲ್ಲರಿಗೂ ಕೈಮುಗಿದು ಧನ್ಯವಾದ. ಇಷ್ಟು ಆಸ್ಥೆಯಿಂದ ಹೇಳುತ್ತೀರಿ ಎಂದುಕೊಂಡಿರಲಿಲ್ಲ. ನನ್ನ ಪಟ್ಟಿಯಲ್ಲಿ "ಬೊಹೀಮಿಯಾ, ಸುಮಾರು 1900-1910, ಪಾಲ್ಮೆ-ಕೋನಿಗ್ ಅಥವಾ ಕ್ರಾಲಿಕ್, ಸಹಿ ನಂತರದ್ದು" ಎಂದು ಬರೆದಿದ್ದೇನೆ. ಆ ಸುಳ್ಳು ಸಹಿಯನ್ನು ಉಜ್ಜಿಸಿ ತೆಗೆಸಲಾ? ಇಲ್ಲೊಬ್ಬರು ಗಾಜಿನ ಕೆಲಸದವರು ಮಾಡಿಕೊಡುತ್ತೇನೆ ಎಂದಿದ್ದಾರೆ.

ಹಾಗೇ, ನಿಜವಾದ ಲೋಟ್ಜ್ ಹತ್ತಿರದಲ್ಲಿ ಎಲ್ಲಿ ನೋಡಬಹುದು?

ಶುಮಾವಾ ಪಯಣಿಗ

ಉಜ್ಜಿಸಬೇಡಿ. ಉಜ್ಜಿದರೆ ತಳದ ಹಳೇ ಗೀರುಗಳೂ ಹೋಗುತ್ತವೆ. ನಿಮ್ಮ ಪಾತ್ರೆಯ ವಯಸ್ಸಿಗೆ ಸಾಕ್ಷಿ ಅವೇ. ಪಟ್ಟಿಯಲ್ಲಿ ಬರೆದಿದ್ದೀರಲ್ಲ, ಅಷ್ಟು ಸಾಕು. ಮುಂದೆ ಯಾರ ಕೈಗಾದರೂ ಹೋದರೆ ಆ ಚೀಟಿಯನ್ನೂ ಜೊತೆಗೆ ಕೊಡಿ.

ನೋಡುವುದಕ್ಕೆ ಪಾಸಾವ್ ಊರಿನ ಗಾಜಿನ ವಸ್ತುಸಂಗ್ರಹಾಲಯಕ್ಕೆ ಹೋಗಿ, ಮ್ಯೂನಿಕ್ಕಿನಿಂದ ರೈಲಿದೆ. 1985ರಲ್ಲಿ ಅದನ್ನು ಉದ್ಘಾಟನೆ ಮಾಡಿದ್ದು ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್. ಗಡಿ ದಾಟುವ ಮನಸ್ಸಿದ್ದರೆ ಕಾಷ್ಪೆರ್‌ಸ್ಕೆ ಹೋರಿಯ ಶುಮಾವಾ ವಸ್ತುಸಂಗ್ರಹಾಲಯ, ಅದು ಲೋಟ್ಜ್ ಹುಟ್ಟಿದ ಜಾಗದ ಪಕ್ಕದಲ್ಲೇ ಇದೆ. ಒಂದು ದಿನ ಪೂರ್ತಿ ಇಟ್ಟುಕೊಳ್ಳಿ. ಬಾಯಿಯ ಅಂಚುಗಳನ್ನು ಒಂದೊಂದಾಗಿ ನೋಡಿ. ಕಣ್ಣು ಪಳಗುವುದು ಅಲ್ಲೇ.

ಜರ್ಸಿ ಕನ್ನಡಿಗ

ಗಾಜಿನಮನೆಯವರೇ, ನನ್ನ ಹತ್ತಿರ ಒಂದು ನೀಲಿ ಹೊಳಪಿನ ಹೂದಾನಿ ಇದೆ, ಅದರ ಮೇಲೆ ಬೆಳ್ಳಿಯ ಬಳ್ಳಿ ಹಬ್ಬಿಸಿದ್ದಾರೆ. ಬೆಳ್ಳಿಯ ಮೇಲೆ "ಆಲ್ವಿನ್" ಎಂದಿದೆ. ಆಲ್ವಿನ್ ಗಾಜಿನ ಕಾರ್ಖಾನೆಯಾ?

ಗಾಜಿನಮನೆ (ಪ್ರಾಗ್)

ಅಲ್ಲ, ಅದು ಅಮೆರಿಕದ ಬೆಳ್ಳಿ ಕಂಪನಿ. ಬೊಹೀಮಿಯಾದಿಂದ ಬಂದ ಗಾಜಿನ ಮೇಲೆ ಅಲ್ಲಿ ಬೆಳ್ಳಿ ಕೂರಿಸುತ್ತಿದ್ದರು. ಬೆಳ್ಳಿಯ ಗುರುತು ಬೆಳ್ಳಿಯವರದ್ದು ಮಾತ್ರ. ಗಾಜು ಲೋಟ್ಜ್ ಆಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ತಳ, ಬಾಯಿಯ ಅಂಚು, ಪಕ್ಕದಿಂದ ಪೂರ್ತಿ ಆಕಾರ, ಬೆಳ್ಳಿ ಇಲ್ಲದ ಕಡೆಯ ಗಾಜು, ಇಷ್ಟರ ಚಿತ್ರ ಹಗಲು ಬೆಳಕಿನಲ್ಲಿ ತೆಗೆದು ಹಾಕಿ, ಫ್ಲ್ಯಾಶ್ ಬೇಡ. ಎತ್ತರವನ್ನು ಮಿಲಿಮೀಟರಿನಲ್ಲಿ ಬರೆಯಿರಿ. ಕಾಗದದ ಮಾದರಿಗಳ ಜೊತೆ ಹೋಲಿಸಿ ನೋಡೋಣ.